ಇಟ್ಟಿಗಿಯ ಹೊಲಕ್ಕೆ ಬಿದ್ದ ಮಳೆ ಹೊಲದಲ್ಲೇ ಇಂಗಲಿ

ಹೂವಿನಹಡಗಲಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಮಲ್ಲಿಗೆ. ಆದರೆ ಆ ತಾಲ್ಲೂಕಿನ ಹೋಬಳಿ ಗ್ರಾಮವಾದ ಇಟ್ಟಿಗಿಯ ಸುತ್ತ ಮಲ್ಲಿಗೆಯ ತೋಟಕ್ಕಿಂತ ಮಳೆಯನ್ನೇ ನಂಬಿದ ಹೊಲ ಹೆಚ್ಚು. ತುಂಗಭದ್ರೆ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತದೆ, ನಿಜ. ಹಮ್ಮಿಗಿ ಬಳಿಯ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿ ಯೋಜನೆಯ ನೀರು ತಾಲ್ಲೂಕಿನ ಒಂದು ಭಾಗಕ್ಕೆ ಒದಗಿದೆ. ಉಳಿದ ರೈತರು ಕಾಲುವೆಯ ದಾರಿ ಕಾಯುತ್ತಾ ಕುಳಿತರೆ ಬೆಳೆ ಕಾಯುವುದಿಲ್ಲ.

ರೈತ ಬಾಂಧವರೇ, ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ನಿಮ್ಮ ಒಂದು ಎಕರೆಯ ಮೇಲೆ ಒಂದು ಅಂಗುಲ, ಅಂದರೆ 25 ಮಿ.ಮೀ. ಮಳೆ ಬಿದ್ದರೆ ಬಂದ ನೀರು ಸುಮಾರು ಒಂದು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಇಪ್ಪತ್ತು ಟ್ಯಾಂಕರ್ ನೀರು! ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಆಸುಪಾಸಿನದು. ಅದರಲ್ಲಿ ಎಷ್ಟು ನಿಮ್ಮ ಹೊಲದ ಮಣ್ಣಿಗೆ ಇಳಿಯಿತು, ಎಷ್ಟು ಕೆಂಪಗೆ ಕದಡಿ ಹಳ್ಳ ಸೇರಿತು ಎಂಬುದನ್ನು ಎಂದಾದರೂ ನೋಡಿದ್ದೀರಾ? ದೊಡ್ಡ ಮಳೆ ನಿಂತ ಮರುದಿನ ಹೊಲದ ಮೂರು ಕಡೆ ಹಾರೆಯಿಂದ ಅಗೆದು ನೋಡಿ. ಒಂದು ಗೇಣು ಕೆಳಗೆ ಮಣ್ಣು ಒಣಗಿದ್ದರೆ ಆ ಮಳೆ ನಿಮ್ಮದಾಗಲಿಲ್ಲ ಎಂದೇ ತಿಳಿಯಬೇಕು.

ಹಿಂದೆ ಜೋಳ, ಸಜ್ಜೆ, ನವಣೆ, ಶೇಂಗಾ ಬೆಳೆಯುತ್ತಿದ್ದ ಮಸಾರಿ ಹೊಲಗಳಲ್ಲಿ ಈಗ ಮೆಕ್ಕೆಜೋಳ ಹಬ್ಬಿದೆ. ಮಾರುವುದು ಸುಲಭ, ಆಳಿನ ಖರ್ಚೂ ಕಡಿಮೆ. ಅದನ್ನು ಬೆಳೆಯಬೇಡಿ ಎಂದು ಹೇಳುವುದು ಸರಿಯಲ್ಲ. ಆದರೆ ಅದರ ಸ್ವಭಾವವನ್ನು ಅರಿತಿರಬೇಕು. ಮೃಗಶಿರ ಮಳೆಗೆ ಬಿತ್ತಿದ ಮೆಕ್ಕೆಜೋಳ ಆಶ್ಲೇಷ, ಮಘೆ ಮಳೆಗಳ ಹೊತ್ತಿಗೆ ಸೂಲಂಗಿ ಹೊರಡುತ್ತದೆ. ತೆನೆಗೆ ಕೂದಲು ಬರುವುದೂ ಆಗಲೇ. ಆ ಎರಡು ಮೂರು ವಾರ ತೇವ ತಪ್ಪಿದರೆ ಕಾಳು ಕಟ್ಟುವುದಿಲ್ಲ. ಆಮೇಲೆ ಉತ್ತರೆ ಮಳೆ ಎಷ್ಟು ಸುರಿದರೂ ಹೋದ ಕಾಳು ಬರಲಾರದು. ಸೆಪ್ಟೆಂಬರಿನಲ್ಲಿ ಮಳೆ ಹೆಚ್ಚು ಬೀಳುವ ಈ ಸೀಮೆಯಲ್ಲಿ ಆಗಸ್ಟ್ ತಿಂಗಳೇ ಬೆಳೆಗೆ ಕಂಟಕ. 2023ರ ಆಗಸ್ಟನ್ನು ನೀವು ಮರೆತಿರಲಾರಿರಿ. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ದಾಖಲಾಗಿರಲಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಬೀಜ, ಗೊಬ್ಬರಕ್ಕೆ ಮಾಡಿದ ಸಾಲ ಮಾತ್ರ ಬರವೆಂದು ನಿಲ್ಲುವುದಿಲ್ಲ.

ಒಣ ಬೇಸಾಯದ ವಿಚಾರ ಬಳ್ಳಾರಿ ಸೀಮೆಗೆ ಹೊಸತಲ್ಲ. ಮದರಾಸು ಸರಕಾರದ ಕಾಲದಲ್ಲೇ, 1906ರಲ್ಲಿ, ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ಆರಂಭವಾಯಿತು. 1930ರ ದಶಕದಲ್ಲಿ ದೇಶದ ಐದು ಕಡೆ ಒಣ ಬೇಸಾಯದ ಪ್ರಯೋಗಗಳು ನಡೆದಾಗ ಸೊಲ್ಲಾಪುರ, ವಿಜಯಪುರ, ರಾಯಚೂರು, ರೋಹ್ಟಕ್‌ಗಳ ಜೊತೆ ಹಗರಿಯೂ ಇತ್ತು. ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಕೇಂದ್ರ 1954ರಲ್ಲಿ ಬಂದಿತು. ಅಲ್ಲಿಯ ಅನುಭವದಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಿ: ಆಳವಾದ ಎರೆ ಭೂಮಿಯಲ್ಲಿ ಸಮಪಾತಳಿ ಒಡ್ಡು ಹಾಕಿದರೆ ಅದರ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಬಿರಿದ ಒಡ್ಡು ಮೊದಲ ದೊಡ್ಡ ಮಳೆಗೇ ಒಡೆಯುವುದೂ ಉಂಟು. ಆದ್ದರಿಂದ ಎರೆಗೆ ಬೇಕಾದುದು ಸ್ವಲ್ಪ ಇಳಿಜಾರು ಕೊಟ್ಟು ಹೆಚ್ಚಾದ ನೀರನ್ನು ನಿಧಾನವಾಗಿ ಹೊರಗೆ ಹಾಕುವ ಒಡ್ಡು. ಮಸಾರಿಯಲ್ಲಿ ಮಾಡಿದ್ದನ್ನೇ ಎರೆಯಲ್ಲೂ ಮಾಡಿ ಕೆಟ್ಟವರು ಅನೇಕರಿದ್ದಾರೆ.

ಹಿಂಗಾರಿಗೆಂದು ಬಿಟ್ಟ ಎರೆಯಲ್ಲಿ ಜುಲೈ ತಿಂಗಳಲ್ಲೇ ಚೌಕು ಮಡಿ ಮಾಡಿಕೊಳ್ಳಿ. ಹತ್ತರಿಂದ ಹದಿನೈದು ಅಡಿಯ ಚೌಕಗಳು ಸಾಕು. ಬಿದ್ದ ಮಳೆ ಆಯಾ ಮಡಿಯಲ್ಲೇ ನಿಂತು ಇಂಗುತ್ತದೆ. ಬಿತ್ತುವ ಮುನ್ನ ಕುಂಟೆ ಹೊಡೆದು ಸಮ ಮಾಡಿದರಾಯಿತು.

ಮಸಾರಿಯ ರೋಗ ಬೇರೆ. ರಭಸದ ಮಳೆಗೆ ಮೇಲ್ಮಣ್ಣು ಗಟ್ಟಿ ಪದರು ಕಟ್ಟಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಕಲ್ಲಿನ ಮೇಲೆ ಬಿದ್ದಂತೆ ಜಾರುತ್ತದೆ. ಇದಕ್ಕೆ ಮೊದಲ ಮದ್ದು ಇಳಿಜಾರಿಗೆ ಅಡ್ಡಲಾಗಿ ಉಳುವುದು, ಅಡ್ಡಲಾಗಿಯೇ ಬಿತ್ತುವುದು. ಟ್ರ್ಯಾಕ್ಟರ್ ಬಾಡಿಗೆ ಗಂಟೆ ಲೆಕ್ಕದ್ದು. ತಿರುವು ಕಡಿಮೆಯಾಗಲೆಂದು ಹೊಲದ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ ಹೊಡೆಸುವವರೇ ಹೆಚ್ಚು. ಹಾಗೆ ಮಾಡಿದರೆ ಒಂದೊಂದು ಸಾಲೂ ಒಂದೊಂದು ಕಾಲುವೆಯಾಗಿ ಮಣ್ಣನ್ನು ಹೊತ್ತೊಯ್ಯುತ್ತದೆ. ಅರ್ಧ ಗಂಟೆಯ ಬಾಡಿಗೆ ಉಳಿಸಲು ಇಡೀ ಹೊಲದ ಮೇಲ್ಮಣ್ಣನ್ನು ಕೊಡುವುದು ಯಾವ ಲೆಕ್ಕ? ಬೆಳೆ ಮೊಣಕಾಲೆತ್ತರ ಬಂದಾಗ ಎಡೆಕುಂಟೆ ಹೊಡೆದು, ಆರು ಸಾಲಿಗೊಂದರಂತೆ ಆಳವಾದ ಸಾಲು ತೆಗೆಯಿರಿ. ಆರು ಸಾಲು ಮೆಕ್ಕೆಜೋಳಕ್ಕೆ ಒಂದು ಸಾಲು ತೊಗರಿ ಹಾಕಿದ್ದರೆ ಆ ಸಾಲಿನ ತೇವ ತೊಗರಿಗೂ ದಕ್ಕುತ್ತದೆ. ಆಗಸ್ಟ್ ಕೈಕೊಟ್ಟರೂ ಹುಬ್ಬೆ, ಉತ್ತರೆ ಮಳೆಗಳಿಗೆ ಚಿಗುರಿಕೊಳ್ಳುವ ತೊಗರಿ ಮನೆಯ ಬೇಳೆಗಾದರೂ ಆಸರೆಯಾಗುತ್ತದೆ. ಬೇಸಿಗೆಯಲ್ಲಿ ಕುರಿ ತರುಬಿಸುವ ಪದ್ಧತಿಯನ್ನು ಬಿಡಬೇಡಿ. ಹಿಕ್ಕೆ ಗೊಬ್ಬರ ಬಿದ್ದ ಮಸಾರಿ ಮೆತ್ತಗಾಗಿ ನೀರು ಕುಡಿಯುವುದನ್ನು ನಮ್ಮ ಹಿರಿಯರು ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ಕಂಡುಕೊಂಡಿದ್ದರು.

ಇಷ್ಟಾದರೂ ಒಬ್ಬರ ಬದು ಒಬ್ಬರಿಂದ ಉಳಿಯದು. ಮೇಲಿನ ಹೊಲದವರು ನೀರನ್ನು ಒಂದೇ ಕಡೆ ಬಿಟ್ಟರೆ ಕೆಳಗಿನವರ ಒಡ್ಡು ಒಡೆಯುತ್ತದೆ, ಹೊಲದ ನಡುವೆ ಕೊರಕಲು ಬೀಳುತ್ತದೆ, ಆ ಮೇಲೆ ಜಗಳ. ಬದುವಿನ ಕೆಲಸ ದಿಬ್ಬದಿಂದ ಶುರುವಾಗಿ ಹಳ್ಳದಲ್ಲಿ ಮುಗಿಯಬೇಕು. ಬೆಳೆ ತೆಗೆದು ಹೊಲ ಖಾಲಿಯಿರುವಾಗ ಅಕ್ಕಪಕ್ಕದ ನಾಲ್ಕಾರು ಮಂದಿ ಕೂಡಿ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನಡೆಯಿರಿ. ಕೋಡಿ ಎಲ್ಲಿ ಬಿಡಬೇಕು, ಅಲ್ಲಿ ಕಲ್ಲು ಯಾರು ಹಾಕಬೇಕು ಎಂಬುದನ್ನು ಅಲ್ಲೇ ನಿಂತು ತೀರ್ಮಾನಿಸಿ. ಕಟ್ಟೆಯ ಮೇಲೆ ಕುಳಿತು ಮಾಡಿದ ತೀರ್ಮಾನ ಮಳೆಗೆ ನಿಲ್ಲುವುದಿಲ್ಲ.

ಹೀಗೆ ಹೊರಗೆ ಬಿಟ್ಟ ನೀರಿಗೆ ಹೊಂಡ ಮಾಡಿಕೊಳ್ಳಬಹುದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಮೇಲೆ ರಾಜ್ಯದಲ್ಲಿ ಸಾವಿರಾರು ಕೃಷಿ ಹೊಂಡಗಳಾದವು. ಮೇಲೆ 12 ಮೀಟರ್ ಚೌಕ, 3 ಮೀಟರ್ ಆಳವಿದ್ದು ಬದಿಗಳನ್ನು ಓರೆಯಾಗಿ ತೆಗೆದ ಹೊಂಡದಲ್ಲಿ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಹಿಂದೆ ಹಾಕಿದ ಲೆಕ್ಕವನ್ನು ನೆನಪಿಸಿಕೊಳ್ಳಿ: ಸೂಲಂಗಿ ಹೊರಟ ಎರಡು ಎಕರೆ ಮೆಕ್ಕೆಜೋಳಕ್ಕೆ ಒಂದೊಂದು ಅಂಗುಲದ ನೀರು ಅದರಲ್ಲಿದೆ. ಮಸಾರಿಯಲ್ಲಿ ಹೊಂಡ ಸೋರುವುದರಿಂದ ಪ್ಲಾಸ್ಟಿಕ್ ಹಾಳೆ ಹಾಸುವುದು ಅಗತ್ಯ. ಹಾಳೆ ಹಾಸಿದ ಹೊಂಡದ ಬದಿ ಬಹಳ ಜಾರುತ್ತದೆ. ಈಜು ಬಲ್ಲವರೂ ಮೇಲೆ ಹತ್ತಲಾರದೆ ಪ್ರಾಣ ಕಳೆದುಕೊಂಡಿದ್ದಾರೆ. ಹೊಂಡ ತೋಡಿದ ವಾರದಲ್ಲೇ ಸುತ್ತ ಬೇಲಿ ಹಾಕಿ, ಒಂದು ಬದಿಗೆ ಗಂಟು ಹಾಕಿದ ಗಟ್ಟಿ ಹಗ್ಗವನ್ನು ಗೂಟಕ್ಕೆ ಬಿಗಿದು ನೀರಿನವರೆಗೆ ಇಳಿಬಿಡಿ.