ಅಬೊನೊಟೈಖಸ್‌ನ ಸರ್ಪದೇವತೆ

ಕಪ್ಪು ಸಮುದ್ರದ ದಕ್ಷಿಣ ದಡದ ಪ್ಯಾಫ್ಲಗೋನಿಯ ಸೀಮೆಯಲ್ಲಿ, ಅಬೊನೊಟೈಖಸ್ ಎಂಬ ಸಣ್ಣ ರೇವುಪಟ್ಟಣದಲ್ಲಿ, ಕ್ರಿ.ಶ. ಎರಡನೆಯ ಶತಮಾನದ ನಡುಭಾಗದಲ್ಲಿ ಅಲೆಕ್ಸಾಂಡರ್ ಎಂಬಾತ (ದಂಡಯಾತ್ರೆಯ ಅಲೆಕ್ಸಾಂಡರನಲ್ಲ, ಅವನಿಗಿಂತ ನಾಲ್ಕು ಶತಮಾನಗಳಿಗೂ ಮಿಕ್ಕಿ ಈಚಿನವನು) ಗ್ಲೈಕಾನ್ ಎಂಬ ಹೊಸ ಸರ್ಪದೇವತೆಯನ್ನು ಪ್ರತಿಷ್ಠಾಪಿಸಿ, ರೋಮ್ ಸಾಮ್ರಾಜ್ಯದ ಉನ್ನತ ಅಧಿಕಾರಿಗಳನ್ನೂ ತನ್ನ ಹಂಗಿಗೆ ತಂದುಕೊಂಡಿದ್ದ. ಅವನ ಕಥೆ ತಿಳಿದುಬರುವುದು ಮುಖ್ಯವಾಗಿ ಲೂಸಿಯನ್ ಎಂಬ ಸಮಕಾಲೀನ ವಿಡಂಬನಕಾರ 180ರ ನಂತರ ಗ್ರೀಕ್ ಭಾಷೆಯಲ್ಲಿ ಬರೆದ ಕೃತಿಯಿಂದ. ಲೂಸಿಯನ್ ಅವನ ಕಡುವೈರಿಯಾಗಿದ್ದುದರಿಂದ ಅವನ ಮಾತನ್ನೆಲ್ಲ ಅಕ್ಷರಶಃ ನಂಬಬೇಕಿಲ್ಲ. ಆದರೆ ಮೋಸದ ಕೈಚಳಕವನ್ನು ಅವನಷ್ಟು ವಿವರವಾಗಿ ಬಿಚ್ಚಿಟ್ಟ ಬರಹಗಾರರು ಪ್ರಾಚೀನ ಜಗತ್ತಿನಲ್ಲಿ ವಿರಳ.

ಅಲೆಕ್ಸಾಂಡರ್ ಮತ್ತು ಅವನ ಜೊತೆಗಾರ ಮೊದಲು ಮಾಡಿದ್ದು ಭೂಮಿಕೆಯನ್ನು ಸಿದ್ಧಪಡಿಸುವ ಕೆಲಸ. ವೈದ್ಯದೇವತೆ ಆಸ್ಕ್ಲೀಪಿಯಸ್ ತನ್ನ ತಂದೆ ಅಪೊಲೊನೊಡನೆ ಶೀಘ್ರವೇ ಅಬೊನೊಟೈಖಸ್‌ಗೆ ಬಂದು ನೆಲೆಸುವನೆಂದು ಕೆತ್ತಿದ ಕಂಚಿನ ಫಲಕಗಳನ್ನು ಅವರು ಕಾಲ್ಸೆಡಾನ್ ನಗರದ ಅಪೊಲೊ ಗುಡಿಯಲ್ಲಿ ಹೂತಿಟ್ಟು, ಅವು ತಾವಾಗಿ ಸಿಕ್ಕಂತೆ ತೋರಿಸಿದರು. ಸುದ್ದಿ ಹಬ್ಬಿದೊಡನೆ ಪಟ್ಟಣದವರು ಗುಡಿಗೆ ಪಾಯ ತೋಡಿದರು. ಆ ಗುಂಡಿಯ ಕೆಸರುನೀರಿನಲ್ಲಿ ಅಲೆಕ್ಸಾಂಡರ್ ರಾತ್ರಿ ಹೊತ್ತು ಒಂದು ಹೆಬ್ಬಾತಿನ ಮೊಟ್ಟೆಯನ್ನು ಅಡಗಿಸಿಟ್ಟ. ಅದರ ಒಳಗನ್ನು ಬರಿದುಮಾಡಿ, ಆಗತಾನೆ ಹುಟ್ಟಿದ ಹಾವಿನ ಮರಿಯನ್ನು ಸೇರಿಸಿ, ಒಡೆದ ಜಾಗವನ್ನು ಮೇಣ ಮತ್ತು ಸೀಸದ ಬಿಳಿಪುಡಿಯಿಂದ ಮುಚ್ಚಲಾಗಿತ್ತು. ಮರುದಿನ ಅವನು ಚಿನ್ನದ ಕೌಪೀನ ಮಾತ್ರ ತೊಟ್ಟು ಸಂತೆಚೌಕದಲ್ಲಿ ಕುಣಿದು, ಯಾರಿಗೂ ತಿಳಿಯದ ಶಬ್ದಗಳನ್ನು ಉಚ್ಚರಿಸಿ, ಜನರೆಲ್ಲ ನೋಡುತ್ತಿರುವಂತೆ ಪಾಯದ ನೀರಿಗಿಳಿದು ಮೊಟ್ಟೆಯನ್ನು ಎತ್ತಿ ಒಡೆದ. ಮೈಮೇಲೆ ದೇವರು ಬಂದಾಗ ಬಾಯಲ್ಲಿ ಉಕ್ಕುವ ನೊರೆಗೂ ಅವನ ಬಳಿ ಉಪಾಯವಿತ್ತು: ನಮ್ಮ ಅಂಟುವಾಳದಂತೆ ನೊರೆ ಬಿಡುವ ಒಂದು ಗಿಡದ ಬೇರನ್ನು ಅವನು ಅಗಿಯುತ್ತಿದ್ದ.

ಕೆಲವೇ ದಿನಗಳಲ್ಲಿ ಆ ಮರಿ ದೊಡ್ಡ ಸರ್ಪವಾಗಿ ಬೆಳೆದಂತೆ ತೋರಿತು. ಮ್ಯಾಸಿಡೋನಿಯದ ಪೆಲ್ಲ ನಗರದಲ್ಲಿ ಕೆಲವೇ ಕಾಸಿಗೆ ಕೊಂಡು ತಂದಿದ್ದ ಸಾಧು ಸ್ವಭಾವದ ಹಾವನ್ನು ಅವನು ಮೈಗೆ ಸುತ್ತಿಕೊಂಡು, ಅದರ ನಿಜವಾದ ತಲೆಯನ್ನು ಕಂಕುಳಲ್ಲಿ ಅಡಗಿಸಿ, ನಾರುಬಟ್ಟೆಯಲ್ಲಿ ಮಾಡಿ ಬಣ್ಣ ಬಳಿದ ಮನುಷ್ಯಮುಖದ ತಲೆಯೊಂದನ್ನು ಹೊರಗೆ ತೋರಿಸುತ್ತಿದ್ದ. ಕುದುರೆಕೂದಲನ್ನು ಎಳೆದರೆ ಅದರ ಬಾಯಿ ತೆರೆದು ಮುಚ್ಚುತ್ತಿತ್ತು. ಕೋಣೆ ಮಬ್ಬುಗತ್ತಲಿನದು, ಒಂದು ಬಾಗಿಲಿನಿಂದ ನುಗ್ಗಿದ ಜನ, ಸರಿಯಾಗಿ ನೋಡುವ ಮೊದಲೇ, ಹಿಂದಿನವರ ನೂಕಿಗೆ ಇನ್ನೊಂದು ಬಾಗಿಲಿನಿಂದ ಹೊರಬೀಳುತ್ತಿದ್ದರು.

ಆದರೆ ಇದೆಲ್ಲ ಹೆಬ್ಬಾಗಿಲು ಮಾತ್ರ. ಅಲೆಕ್ಸಾಂಡರನ ನಿಜವಾದ ಬಲ ಇದ್ದದ್ದು ಕಣಿ ಹೇಳುವ ಕಚೇರಿಯಲ್ಲಿ. ಭಕ್ತರು ಪ್ರಶ್ನೆಯನ್ನು ಸುರುಳಿಯಲ್ಲಿ ಬರೆದು, ಮೇಣದಿಂದ ಮುಚ್ಚಿ, ತಮ್ಮ ಮುದ್ರೆಯೊತ್ತಿ ಕೊಡಬೇಕಿತ್ತು. ಮುದ್ರೆ ಒಡೆಯದ ಸುರುಳಿ ಉತ್ತರದೊಡನೆ ಮರಳುತ್ತಿತ್ತು. ಕಾಯಿಸಿದ ಸೂಜಿಯಿಂದ ಮುದ್ರೆಯ ಅಡಿಯ ಮೇಣವನ್ನು ಕರಗಿಸಿ ಬಿಡಿಸುವುದು, ಓದಿದ ಮೇಲೆ ಮತ್ತೆ ಬಿಸಿಮಾಡಿ ಅಂಟಿಸುವುದು ಒಂದು ವಿಧಾನ. ರಾಳ, ಮೇಣ ಮತ್ತು ಕಲ್ಲುಪುಡಿಗಳನ್ನು ಕಲಸಿದ ಕಣಕದಿಂದ ಮುದ್ರೆಯ ಅಚ್ಚು ತೆಗೆದು, ಒಡೆದ ನಂತರ ಹೊಸದಾಗಿ ಒತ್ತುವುದು ಇನ್ನೊಂದು. ಹೆಚ್ಚು ಹಣ ಕೊಡುವವರಿಗೆ ಸರ್ಪವೇ ಮಾತನಾಡುತ್ತಿತ್ತು. ಆ ಅಶರೀರವಾಣಿ ವಾಸ್ತವವಾಗಿ ಕೊಕ್ಕರೆಗಳ ಶ್ವಾಸನಾಳಗಳನ್ನು ಜೋಡಿಸಿ ಮಾಡಿದ ಕೊಳವೆಯಲ್ಲಿ ಹೊರಗಿನಿಂದ ಮಾತನಾಡುವ ಸಹಾಯಕನ ಧ್ವನಿ. ಒಂದು ಪ್ರಶ್ನೆಗೆ ಶುಲ್ಕ ಒಂದು ದ್ರಾಕ್ಮ ಎರಡು ಒಬೊಲ್ (ಆರು ಒಬೊಲ್ ಸೇರಿದರೆ ಒಂದು ದ್ರಾಕ್ಮ). ವರ್ಷದ ಗಳಿಕೆ 70–80 ಸಾವಿರದಷ್ಟಿತ್ತೆಂದು ಲೂಸಿಯನ್ ಲೆಕ್ಕ ಕೊಡುತ್ತಾನೆ. ಅದಕ್ಕಿಂತಲೂ ಬೆಲೆಬಾಳುವಂಥದು ಬೇರೊಂದಿತ್ತು. ಬಹಿರಂಗವಾದರೆ ಬರೆದವನಿಗೇ ಕುತ್ತು ತರುವ ಪ್ರಶ್ನೆಗಳನ್ನು ಅವನು ಹಿಂದಿರುಗಿಸದೆ ಇಟ್ಟುಕೊಳ್ಳುತ್ತಿದ್ದ. ಹಾಗೆ ಸಿಕ್ಕಿಬಿದ್ದ ಶ್ರೀಮಂತರು ಕೇಳಿದ್ದನ್ನು ಕೊಟ್ಟು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು.

ರೋಮ್‌ನ ಪ್ರತಿಷ್ಠಿತ ಸೆನೆಟರ್ ರುಟಿಲಿಯಾನಸ್, ಅರವತ್ತರ ವಯಸ್ಸಿನಲ್ಲಿ, ಅಲೆಕ್ಸಾಂಡರನ ಮಗಳನ್ನು ಮದುವೆಯಾದ. ಆಕೆ ಚಂದ್ರದೇವತೆಯ ಹೊಟ್ಟೆಯಲ್ಲಿ ಹುಟ್ಟಿದವಳೆಂದು ಮಾವ ಹೇಳಿದ್ದನ್ನು ಅವನು ನಂಬಿದ್ದ. ಕಪಡೋಸಿಯದ ರಾಜ್ಯಪಾಲ ಸೆವೆರಿಯಾನಸ್ 161ರಲ್ಲಿ ಆರ್ಮೇನಿಯಕ್ಕೆ ಸೇನೆ ನಡೆಸುವ ಮುನ್ನ ಗ್ಲೈಕಾನನನ್ನು ಕೇಳಿ, ಜಯ ಖಚಿತವೆಂಬ ಉತ್ತರ ಪಡೆದು ಹೊರಟು, ಸೈನ್ಯದೊಡನೆ ನಾಶವಾದ. ಆಗ ಅಲೆಕ್ಸಾಂಡರ್ ಆ ಉತ್ತರವನ್ನು ಕಡತದಿಂದ ಕಿತ್ತು, ದಂಡೆತ್ತಿ ಹೋಗಬೇಡವೆಂಬ ಇನ್ನೊಂದನ್ನು ಅದರ ಜಾಗದಲ್ಲಿ ಸೇರಿಸಿದ. ಕೆಲವೇ ವರ್ಷಗಳ ನಂತರ ಸಾಮ್ರಾಜ್ಯವನ್ನು ಮಹಾಮಾರಿ ಆವರಿಸಿದಾಗ ಅವನು ಕಳುಹಿಸಿದ ಒಂದು ಸಾಲಿನ ರಕ್ಷಾಮಂತ್ರವನ್ನು ಜನ ಎಲ್ಲೆಡೆ ಬಾಗಿಲ ಮೇಲೆ ಬರೆಸಿಕೊಂಡರು. ಅಂಥ ಮನೆಗಳಲ್ಲೇ ಸಾವು ಹೆಚ್ಚಾಯಿತೆಂದು ಲೂಸಿಯನ್ ಕುಟುಕುತ್ತಾನೆ.

ಅವನನ್ನು ಎದುರಿಸಿದವರೂ ಇದ್ದರು. ದೇವತೆಗಳು ಮನುಷ್ಯರ ವ್ಯವಹಾರದಲ್ಲಿ ಕೈಹಾಕುವುದಿಲ್ಲವೆನ್ನುತ್ತಿದ್ದ ಎಪಿಕ್ಯೂರಸ್ ಪಂಥದವರನ್ನೂ ಕ್ರೈಸ್ತರನ್ನೂ ಅಲೆಕ್ಸಾಂಡರ್ ತನ್ನ ಉತ್ಸವಗಳ ಆರಂಭದಲ್ಲೇ ಹೊರಗಟ್ಟಿಸುತ್ತಿದ್ದ, ಎಪಿಕ್ಯೂರಸ್‌ನ ಗ್ರಂಥವೊಂದನ್ನು ಸಂತೆಚೌಕದಲ್ಲಿ ಸುಡಿಸಿದ್ದ. ಸ್ವತಃ ಲೂಸಿಯನ್ ಅವನನ್ನು ಕಾಣಲು ಹೋಗಿ, ಮುತ್ತಿಡಲೆಂದು ಚಾಚಿದ ಕೈಯನ್ನು ಕಚ್ಚಿದ. ಮರಳುವ ದಾರಿಯಲ್ಲಿ ತನ್ನನ್ನು ಸಮುದ್ರಕ್ಕೆಸೆಯುವಂತೆ ಹಡಗಿನವನಿಗೆ ಆಜ್ಞೆಯಾಗಿದ್ದುದನ್ನು ತಿಳಿದು ಮೊಕದ್ದಮೆ ಹೂಡಲು ಹೊರಟಾಗ, ಅಪರಾಧ ಸಾಬೀತಾದರೂ ರುಟಿಲಿಯಾನಸ್ ಇರುವವರೆಗೆ ಶಿಕ್ಷೆ ಸಾಧ್ಯವಿಲ್ಲವೆಂದು ಆ ಪ್ರಾಂತದ ರಾಜ್ಯಪಾಲನೇ ತಡೆದ.

150 ವರ್ಷ ಬದುಕಿ ಸಿಡಿಲಿಗೆ ಸಾಯುವೆನೆಂದು ತನ್ನ ಬಗ್ಗೆ ತಾನೇ ಕಣಿ ನುಡಿದಿದ್ದವನು ಎಪ್ಪತ್ತು ತುಂಬುವ ಮೊದಲೇ ಕಾಲು ಕೊಳೆತು ಸತ್ತ. ನೋವಿಗೆಂದು ವೈದ್ಯರು ತಲೆಯನ್ನು ತೋಯಿಸಹೊರಟಾಗ ಟೋಪನ್ನು ತೆಗೆಯಬೇಕಾಯಿತು. ಪ್ರವಾದಿಯ ನೀಳವಾದ ಕೂದಲಿನಡಿ ಇದ್ದದ್ದು ಬೋಳುತಲೆ. ದೇವತೆ ಮಾತ್ರ ಅವನೊಂದಿಗೆ ಸಾಯಲಿಲ್ಲ. ಗ್ಲೈಕಾನ್‌ನ ಚಿತ್ರವಿರುವ ನಾಣ್ಯಗಳು ಮೂರನೆಯ ಶತಮಾನದವರೆಗೂ ಅಚ್ಚಾದವು, ಮತ್ತು 1962ರಲ್ಲಿ ರೊಮೇನಿಯದ ಕಾನ್ಸ್ಟಾಂಟಾದಲ್ಲಿ ಸಿಕ್ಕ ಅಮೃತಶಿಲೆಯ ಸುರುಳಿಸರ್ಪವನ್ನು ವಿದ್ವಾಂಸರು ಅವನದೇ ವಿಗ್ರಹವೆಂದು ಗುರುತಿಸುತ್ತಾರೆ. ತನ್ನ ಊರಿಗೆ ಅಯೋನೊಪೊಲಿಸ್ ಎಂದು ಹೊಸ ಹೆಸರಿಡಬೇಕೆಂದು ಅಲೆಕ್ಸಾಂಡರ್ ಚಕ್ರವರ್ತಿಗೆ ಸಲ್ಲಿಸಿದ ಮನವಿಯೂ ಫಲಿಸಿತು; ಆ ಹೆಸರೇ ಸವೆದು, ಇಂದು ಆ ರೇವು ತುರ್ಕಿಯ ಇನೆಬೊಲು ಎನಿಸಿಕೊಂಡಿದೆ.