ಪೆಟ್ಟಿಗೆ ಬಿಟ್ಟ ಹಾವು ಎಲ್ಲಿ ಸಿಗುತ್ತದೆ?

2022ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಸ್ಕಾನ್ಸೆನ್ ಅಕ್ವೇರಿಯಂನಲ್ಲಿ ಹೊಸದಾಗಿ ತಂದಿದ್ದ ಕಾಳಿಂಗ ಸರ್ಪವೊಂದು ಕಾಣೆಯಾಯಿತು. ಎರಡು ಮೀಟರಿಗೂ ಮಿಕ್ಕಿದ ಹಾವು, ಗಾಜಿನ ಗೂಡಿನ ಮೇಲ್ಭಾಗದ ದೀಪದ ಸಂದಿಯಲ್ಲಿ ತಲೆ ತೂರಿಸಿ ಹೊರಬಿದ್ದಿತ್ತು. ಹಿಂದೆ ಅಲ್ಲಿದ್ದ ಬಲ್ಬು ಎಷ್ಟು ಕಾಯುತ್ತಿತ್ತೆಂದರೆ ಯಾವ ಹಾವೂ ಅದರ ಬಳಿ ಸುಳಿಯುತ್ತಿರಲಿಲ್ಲ. ವಿದ್ಯುತ್ ಉಳಿಸಲೆಂದು ಬಿಸಿಯಾಗದ ಹೊಸ ಬಲ್ಬು ಹಾಕಿದರು. ಅದುವರೆಗೆ ಆ ಸಂದಿಯನ್ನು ಕಾವಲು ಕಾಯುತ್ತಿದ್ದದ್ದು ಹಳೆಯ ಬಲ್ಬಿನ ಬಿಸಿ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಎಕ್ಸ್‌ರೇ ಯಂತ್ರ ತಂದು ಹುಡುಕಿದಾಗ ಹಾವು ಅದೇ ಕಟ್ಟಡದ ಎರಡು ಗೋಡೆಗಳ ನಡುವೆ ಸಿಕ್ಕಿತು. ಆದರೆ ಅದನ್ನು ಯಾರೂ ಹಿಡಿಯಬೇಕಾಗಲಿಲ್ಲ. ಸುಮಾರು ಒಂದು ವಾರದ ಮೇಲೆ ತಾನಾಗಿಯೇ ಗೂಡಿಗೆ ಮರಳಿತು.

ಇದಕ್ಕೂ ಮೊದಲು, 2011ರ ಮಾರ್ಚಿನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಈಜಿಪ್ಟಿನ ನಾಗರವೊಂದು ಹೀಗೇ ಮಾಯವಾಗಿತ್ತು. ಅರ್ಧ ಮೀಟರ್ ಉದ್ದದ ಎಳೆಯ ಹಾವು. ಊರೆಲ್ಲ ತಿರುಗುತ್ತಿರುವ ಹಾವಿನ ಹೆಸರಿನಲ್ಲಿ ಯಾರೋ ಟ್ವಿಟರ್ ಖಾತೆ ತೆರೆದು ಜನರನ್ನು ನಗಿಸಿದರು. ಹಾವು ಮಾತ್ರ ಸರೀಸೃಪಗಳ ಕಟ್ಟಡ ಬಿಟ್ಟು ಕದಲಿರಲಿಲ್ಲ. ಮೃಗಾಲಯದವರು ಕಟ್ಟಡಕ್ಕೆ ಬೀಗ ಹಾಕಿ, ಹಸಿವಾಗಿ ಹೊರಬರಲೆಂದು ಕಾದರು. ಒಂದು ವಾರದೊಳಗೆ ಅದು ಅಲ್ಲೇ ಒಂದು ಕತ್ತಲ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಸಿಕ್ಕಿತು.

ಅಮೆರಿಕ, ಬ್ರಿಟನ್ನುಗಳಲ್ಲಿ ಮನೆಯಲ್ಲಿ ಹಾವು ಸಾಕುವವರಿಗೆ ಈ ಎರಡು ಪ್ರಸಂಗಗಳಲ್ಲಿ ಬೇಕಾದಷ್ಟು ಪಾಠವಿದೆ. ಅಲ್ಲಿ ಹೆಚ್ಚಾಗಿ ಸಾಕುವುದು ವಿಷವಿಲ್ಲದ ಹಾವುಗಳನ್ನು: ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್, ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು. ಇಂಥ ಹಾವು ಪೆಟ್ಟಿಗೆಯಿಂದ ಜಾರಿತೆಂದರೆ ಯಜಮಾನನ ಮೊದಲ ಯೋಚನೆ ‘ಎಷ್ಟು ದೂರ ಹೋಗಿರಬಹುದು’ ಎಂಬುದು. ಕೇಳಿಕೊಳ್ಳಬೇಕಾದದ್ದು ಬೇರೆ: ಈ ಮನೆಯಲ್ಲಿ ಬೆಚ್ಚಗೂ ಇಕ್ಕಟ್ಟಾಗಿಯೂ ಕತ್ತಲಾಗಿಯೂ ಇರುವ ಜಾಗ ಯಾವುದು?

ಹಾವಿನ ಮೈಯಲ್ಲಿ ತನ್ನದೇ ಒಲೆಯಿಲ್ಲ. ತಿಂದದ್ದು ಅರಗಬೇಕಾದರೂ ಹೊರಗಿನ ಬಿಸಿ ಬೇಕು. ಜೊತೆಗೆ, ಬೆನ್ನೂ ಪಕ್ಕೆಯೂ ಏನಕ್ಕಾದರೂ ತಾಗಿಕೊಂಡಿದ್ದರೇ ಅದಕ್ಕೆ ನೆಮ್ಮದಿ. ಹಾಗಾಗಿ ನಡುಮನೆಯ ಬಯಲನ್ನು ದಾಟುವುದಕ್ಕಿಂತ ಗೋಡೆಯ ಬುಡ ಹಿಡಿದು ಹರಿಯುತ್ತದೆ, ಮೊದಲು ಸಿಕ್ಕ ಸಂದಿಗೆ ನುಗ್ಗುತ್ತದೆ. ತಲೆ ಹಿಡಿಸುವ ಕಡೆ ಮೈಯೂ ಹಿಡಿಸುತ್ತದೆ. ಕಾರ್ನ್ ಸ್ನೇಕಿನ ಮರಿಯಂತೂ ಪೆನ್ಸಿಲಿನಷ್ಟು ದಪ್ಪ, ಅದಕ್ಕೆ ಬಾಗಿಲ ಕೆಳಗಿನ ಸಂದಿ ಹೆಬ್ಬಾಗಿಲಿದ್ದಂತೆ.

ಆದ್ದರಿಂದ ಮೊದಲು ಆ ಕೋಣೆಯ ಬಾಗಿಲು ಮುಚ್ಚಿ, ಕೆಳಸಂದಿಗೆ ಟವೆಲ್ ತುರುಕಬೇಕು. ನಾಯಿ ಬೆಕ್ಕುಗಳನ್ನು ಬೇರೆಡೆ ಕೂಡಿಹಾಕಬೇಕು, ಕಮೋಡಿನ ಮುಚ್ಚಳ ಹಾಕಬೇಕು. ಆಮೇಲೆ ಹುಡುಕಾಟ, ಅದೂ ಪೆಟ್ಟಿಗೆಯ ಒಳಗಿಂದಲೇ. ಹಾವು ಓಡಿಹೋಯಿತೆಂದು ಮನೆಯೆಲ್ಲ ತಲೆಕೆಳಗು ಮಾಡಿದ ಮೇಲೆ, ಅದು ಪೆಟ್ಟಿಗೆಯಲ್ಲೇ ಮರದ ಹೊಟ್ಟಿನಡಿ ಮಲಗಿದ್ದದ್ದು ಕಂಡು ಪೆಚ್ಚಾಗುವವರು ಕಡಿಮೆಯಿಲ್ಲ. ಅಲ್ಲಿಲ್ಲದಿದ್ದರೆ ಪುಸ್ತಕದ ಸಾಲಿನ ಹಿಂದೆ, ಕಪಾಟಿನ ಸೆಳೆಖಾನೆಗಳ ಹಿಂದಿನ ಪೊಳ್ಳಿನಲ್ಲಿ, ಬೂಟಿನೊಳಗೆ, ಟಿವಿ ಪೆಟ್ಟಿಗೆಗಳ ಹಿಂದೆ, ಫ್ರಿಜ್ಜಿನ ಕಂಪ್ರೆಸರ್ ಬಳಿ, ನೀರು ಕಾಯಿಸುವ ಬಾಯ್ಲರ್ ಸುತ್ತ ನೋಡಬೇಕು. ಜಾತಿಯೂ ಸುಳಿವು ಕೊಡುತ್ತದೆ. ಬಾಲ್ ಪೈಥಾನ್ ತೂಕದ ಹಾವು, ಸಾಮಾನ್ಯವಾಗಿ ನೆಲಮಟ್ಟದಲ್ಲೇ ಸಿಗುತ್ತದೆ. ಕಾರ್ನ್ ಸ್ನೇಕ್ ಏರುವುದರಲ್ಲಿ ಜಾಣ, ಪರದೆಯ ಸರಳಿನ ಮೇಲೂ ಕಣ್ಣಾಡಿಸಬೇಕು. ಸೋಫಾದ ತಳದ ಬಟ್ಟೆ ಹರಿದಿದ್ದರೆ ಅದರೊಳಗೆ ಹೋಗಿರುವ ಸಂಭವ ಬಹಳ. ಹಿಂದಕ್ಕೆ ಮಡಚುವ ಕುರ್ಚಿಯ ಮೇಲೆ ಮಾತ್ರ ಹಾವು ಸಿಗುವ ತನಕ ಯಾರೂ ಕೂರಬಾರದು, ಅದರ ಕಬ್ಬಿಣದ ಮಡಿಕೆಗಳಲ್ಲಿ ಸಿಕ್ಕಿ ಹಾವು ಜಜ್ಜಿಹೋಗುತ್ತದೆ. ಬಟ್ಟೆ ಒಗೆಯುವ ಯಂತ್ರವನ್ನೂ ನೋಡದೆ ಚಾಲೂ ಮಾಡಬಾರದು.

ಹಗಲು ಸಿಗದ್ದು ರಾತ್ರಿ ಸಿಗಬಹುದು. ಈ ಹಾವುಗಳು ಮುಸ್ಸಂಜೆಯಿಂದ ಚುರುಕಾಗುತ್ತವೆ. ದೀಪ ಆರಿಸಿ, ತುಸು ಹೊತ್ತು ಬಿಟ್ಟು ಟಾರ್ಚ್ ಹಿಡಿದು ಗೋಡೆಯ ಬುಡದಲ್ಲಿ ಸುತ್ತಬೇಕು. ಹೊಸ್ತಿಲುಗಳಲ್ಲಿ ತೆಳ್ಳಗೆ ಹಿಟ್ಟು ಉದುರಿಸಿಟ್ಟರೆ ಹಾವು ಯಾವ ಕೋಣೆಯಿಂದ ಯಾವ ಕೋಣೆಗೆ ಹೋಯಿತೆಂದು ಬೆಳಿಗ್ಗೆ ಅದರ ಜಾಡೇ ಹೇಳುತ್ತದೆ. ಗೋಡೆಯುದ್ದಕ್ಕೂ ಸರಸರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಹರಡಿ, ನಿದ್ದೆಗೆಟ್ಟು ಕಿವಿಗೊಟ್ಟು ಕೂರುವವರೂ ಇದ್ದಾರೆ. ನನಗೆ ಮೆಚ್ಚುಗೆಯಾದದ್ದು ಇನ್ನೂ ಸರಳವಾದ ಉಪಾಯ. ಚಳಿಗಾಲವಾದರೆ ಮನೆಯ ಹೀಟರನ್ನು ತಗ್ಗಿಸಿ ಮನೆ ತಣ್ಣಗಾಗಲು ಬಿಡುವುದು. ಗೋಡೆಗೆ ತಾಗಿದಂತೆ ಒಂದೇ ಒಂದು ರಟ್ಟಿನ ಡಬ್ಬ ಇಟ್ಟು, ಅದರಡಿ ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುವ ಹೀಟ್ ಮ್ಯಾಟ್ ಹಾಸಿ, ಪಕ್ಕದಲ್ಲಿ ನೀರಿನ ಬಟ್ಟಲಿಡುವುದು. ಆಮೇಲೆ ಹುಡುಕುವ ಕೆಲಸ ಹಾವಿನದೇ.

ಅಮೆರಿಕದ ಮನೆಗಳಲ್ಲಿ ಒಂದು ತೊಡಕಿದೆ. ಅಲ್ಲಿನ ಗೋಡೆಗಳು ನಮ್ಮ ಇಟ್ಟಿಗೆ ಗಾರೆಯವಲ್ಲ. ಮರದ ಚೌಕಟ್ಟಿಗೆ ಹಲಗೆ ಬಡಿದ, ಒಳಗೆ ಟೊಳ್ಳಾದ ಗೋಡೆಗಳು. ಸಿಂಕಿನ ಕೆಳಗಿನ ಕೊಳವೆ ಕಂಡಿಯಲ್ಲಿ ಹಾವು ಇಳಿಯಿತೆಂದರೆ ಗೋಡೆಯೊಳಗೆಲ್ಲ ಅದರದೇ ರಾಜ್ಯ. ಸುತ್ತಿಗೆ ಎತ್ತಿಕೊಳ್ಳುವ ಮೊದಲು, ಒಂದು ಕಂಡಿ ಬಿಟ್ಟು ಉಳಿದವನ್ನೆಲ್ಲ ಮುಚ್ಚಿ ಆ ಒಂದರ ಮುಂದೆ ಬೆಚ್ಚನೆಯ ಡಬ್ಬ ಇಟ್ಟು ಕಾಯುವುದು ಒಳ್ಳೆಯದು. ಆತುರವೇನೂ ಇಲ್ಲ. ಬೆಳೆದ ಬಾಲ್ ಪೈಥಾನ್ ಸಾಕಿದವರ ಕೈಯಲ್ಲೇ ತಿಂಗಳುಗಟ್ಟಲೆ ಊಟ ಬಿಟ್ಟು ಆರಾಮಾಗಿರುವುದುಂಟು. ಹಸಿವಿಗಿಂತ ನೀರಡಿಕೆ, ಚಳಿ, ಜಜ್ಜುಗಾಯ ಇವೇ ಹೆಚ್ಚು ಅಪಾಯ. ಇಲಿ ಹಿಡಿಯುವ ಅಂಟು ಹಲಗೆಯನ್ನಂತೂ ಇಡಲೇಬಾರದು. ಗೊತ್ತಿಲ್ಲದೆ ಅದಕ್ಕೆ ಅಂಟಿಕೊಂಡರೆ ಎಳೆಯದೆ, ಅಡುಗೆ ಎಣ್ಣೆ ಸವರುತ್ತ ಮೆಲ್ಲಗೆ ಬಿಡಿಸಬೇಕು.

ನೆರೆಹೊರೆಗೆ ಹೇಳಲು ಮುಜುಗರವಾದರೂ ಹೇಳಲೇಬೇಕು. ಹೇಳದಿದ್ದರೆ ಪಕ್ಕದ ಮನೆಯವರು ಕಂಡ ಹಾವಿಗೆ ಸಲಿಕೆಯಲ್ಲಿ ಹೊಡೆದುಬಿಡುತ್ತಾರೆ. ವಿಷದ ಹಾವಾದರೆ ಇದು ಬರೀ ಸೌಜನ್ಯದ ಮಾತಲ್ಲ. ಉತ್ತರ ಕೆರೊಲಿನಾದ ರಾಲಿ ನಗರದಲ್ಲಿ 2021ರ ಜೂನ್ ಕೊನೆಯಲ್ಲಿ ಒಂದು ಮನೆಯ ಜಗಲಿಯ ಮೇಲೆ ವಿಷ ಉಗುಳುವ ಆಫ್ರಿಕಾದ ನಾಗರ ಕಂಡಿತು. ಅದು ಸಾಕಿದವನ ಕೈ ತಪ್ಪಿ ಆಗಲೇ ತಿಂಗಳುಗಳು ಕಳೆದಿದ್ದವು, ಅವನು ಬಾಯಿ ಬಿಟ್ಟಿರಲಿಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ವಿಷವಿಲ್ಲದ ಹಾವು ಹೊರಗೆ ಹೋದರೆ ಅಡ್ಡಿಯಿಲ್ಲ ಎಂದೂ ಅಲ್ಲ. ಸ್ಪೇನಿಗೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕಣೆಯಿಂದ ಹೊರಬಿದ್ದ ಕ್ಯಾಲಿಫೋರ್ನಿಯಾದ ಕಿಂಗ್ ಸ್ನೇಕುಗಳು ನೆಲೆಯೂರಿ, ಆ ದ್ವೀಪದಲ್ಲಷ್ಟೇ ಸಹಜವಾಗಿ ಬದುಕುವ ದೊಡ್ಡ ಹಲ್ಲಿಯನ್ನು ತಾವು ಹಬ್ಬಿದ ಕಡೆಯಲ್ಲೆಲ್ಲ ಹೆಚ್ಚುಕಡಿಮೆ ಬರಿದು ಮಾಡಿವೆ.

ಕರ್ನಾಟಕದ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರ, ಕೇರೆ, ಹೆಬ್ಬಾವು ಮುಂತಾದ ನಮ್ಮ ಹಾವುಗಳನ್ನು ಸಾಕುವುದು ಅಪರಾಧ. ಬಾಲ್ ಪೈಥಾನಿನಂಥ ವಿದೇಶಿ ಹಾವು ಇಟ್ಟುಕೊಂಡವರು ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಆದರೂ ಕಳ್ಳದಾರಿಯಲ್ಲಿ ಬರುವುದು ನಿಂತಿಲ್ಲ: 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು 55 ಬಾಲ್ ಪೈಥಾನುಗಳನ್ನೂ 17 ಕಾಳಿಂಗಗಳನ್ನೂ ಹಿಡಿದರು. ಹಾಗೆಂದು ಇಲ್ಲಿನ ಮನೆಯ ಫ್ರಿಜ್ಜಿನ ಹಿಂದೆ ಕಂಡ ಹಾವನ್ನು ಯಾರದೋ ಸಾಕುಹಾವು ಎಂದುಕೊಳ್ಳುವಂತಿಲ್ಲ. ಅದು ನಾಗರವೋ ಕಟ್ಟುಹಾವೋ ಆಗಿರಬಹುದು, ಅದರ ಮುಂದೆ ಮೇಲಿನ ಯಾವ ಉಪಾಯವೂ ಬೇಡ. ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸಿ, ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಬೇಕು. ಇನ್ನೊಬ್ಬರು ಅರಣ್ಯ ಇಲಾಖೆಗೋ ಊರಿನ ಉರಗ ರಕ್ಷಕರಿಗೋ ಫೋನ್ ಮಾಡಬೇಕು. ಅವರು ಬರುವಷ್ಟರಲ್ಲಿ ಹಾವು ಜಾಗ ಬದಲಿಸಿದರೆ ಯಾವ ಸಂದಿಗೆ ಹೋಯಿತೆಂದು ನೋಡಿಟ್ಟುಕೊಂಡರೆ ಸಾಕು.