‘ಸೂಪರ್’ ಎಂದ ಮೇಲೆ ಇನ್ನೊಂದು ವಾಕ್ಯ

ನಮ್ಮ ಕಾಲೇಜಿನಲ್ಲಿ ಫೋಟೊ ತೆಗೆಯುವವರ ವಾಟ್ಸಾಪ್ ಗುಂಪೊಂದಿದೆ ಎಂಬುದು ಈ ಪತ್ರಿಕೆಯ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತು. ಸಯನ್ಸಿನವರು, ಕಾಮರ್ಸಿನವರು ಎಲ್ಲ ಇದ್ದಾರೆ, ಇಬ್ಬರು ಉಪನ್ಯಾಸಕರೂ ಇದ್ದಾರೆ. ಪಣಂಬೂರಿನ ಗಾಳಿಪಟ, ತಣ್ಣೀರುಬಾವಿಯ ಸಂಜೆ, ದಕ್ಕೆಯಲ್ಲಿ ಸಾಲಾಗಿ ನಿಂತ ಬೋಟುಗಳು, ಮಳೆಗಾಲದ ನೇತ್ರಾವತಿ – ಬಗೆಬಗೆಯ ಚಿತ್ರಗಳು ಬರುತ್ತವೆ. ಆದರೆ ಅವುಗಳ ಕೆಳಗೆ ಬರುವ ಮಾತುಗಳಲ್ಲಿ ಬಗೆ ಇಲ್ಲ. ‘ಸೂಪರ್’, ‘ಮಾಶಾ ಅಲ್ಲಾಹ್’, ಇಲ್ಲವೇ ಬೆಂಕಿಯ ಇಮೋಜಿ. ಚಿತ್ರ ಯಾವುದಾದರೂ ಸರಿ.

‘ಮಾಶಾ ಅಲ್ಲಾಹ್’ ಎನ್ನುವುದನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದನ್ನು ಕಂಡಾಗ ಬಾಯಿಗೆ ಬರಬೇಕಾದ ಮಾತೇ ಅದು. ಆದರೆ ಅದು ಕಂಡ ಒಳಿತಿಗೆ ಸಲ್ಲುವ ಮಾತು, ಚಿತ್ರ ಹೇಗಿದೆ ಎಂಬುದಕ್ಕೆ ಉತ್ತರವಲ್ಲ. ಅದರ ನಂತರ ಇನ್ನೊಂದು ವಾಕ್ಯ ಬೇಕು. ಆ ವಾಕ್ಯವನ್ನು ಬರೆಯುವುದು ಹೇಗೆ, ಬಂದಾಗ ತೆಗೆದುಕೊಳ್ಳುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಇದು ಅಷ್ಟು ದೊಡ್ಡ ವಿಷಯವೇ ಎಂದು ಕೇಳುವವರಿಗೆ ಒಂದು ಸಂಗತಿ ಹೇಳುತ್ತೇನೆ. ನಾನು ಗುಂಪಿಗೆ ಸೇರುವ ಮೊದಲು ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಸುಲ್ತಾನ್ ಬತ್ತೇರಿಯಿಂದ ತೆಗೆದ ಚಿತ್ರ ಹಾಕಿದ್ದಳು. ಸಂಜೆಯ ಹೊಳೆ, ಆಚೆ ದಡಕ್ಕೆ ಹೋಗುವ ದೋಣಿ, ನಿಂತ ದೋಣಿಯವನು. ಹೊಗಳಿಕೆಯ ಮಳೆಯೇ ಸುರಿಯಿತು. ಆ ಧೈರ್ಯದಲ್ಲಿ ಅವಳು ಅದನ್ನು ಅಂತರ ಕಾಲೇಜು ಸ್ಪರ್ಧೆಗೆ ಕಳಿಸಿದಳು. ಮೊದಲ ಸುತ್ತಿನಲ್ಲೇ ಹೊರಗೆ. ಅಲ್ಲಿದ್ದ ತೀರ್ಪುಗಾರರೊಬ್ಬರು ಎರಡು ನಿಮಿಷದಲ್ಲಿ ಕಾರಣ ಹೇಳಿದರಂತೆ. ನೀರಿನ ಗೆರೆ ಎಡಕ್ಕೆ ವಾಲಿದೆ, ಹೊಳೆ ಇಳಿಜಾರಿನಲ್ಲಿ ಹರಿದಂತೆ ಕಾಣುತ್ತದೆ. ಹಿಂದಿನ ದೀಪದ ಕಂಬ ದೋಣಿಯವನ ತಲೆಯಿಂದಲೇ ಎದ್ದು ನಿಂತಂತಿದೆ. ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಕಂಬ ದೂರವಾಗುತ್ತಿತ್ತು, ಗೆರೆಯನ್ನು ಮೊಬೈಲಿನಲ್ಲೇ ನೇರ ಮಾಡಬಹುದಿತ್ತು. ಸೋತದ್ದು ಅವಳಿಗೆ ಅಷ್ಟು ನೋವಾಗಲಿಲ್ಲ. “ಅಷ್ಟು ಜನ ಸೂಪರ್ ಅಂದರಲ್ಲ, ಒಬ್ಬರಿಗೂ ಆ ಕಂಬ ಕಾಣಲಿಲ್ಲವಾ?” ಎಂದು ಕೇಳಿದಳು. ಆಮೇಲೆ ಬಹಳ ತಿಂಗಳು ಅವಳು ಗುಂಪಿನಲ್ಲಿ ಏನನ್ನೂ ಹಾಕಲಿಲ್ಲ. ಬೈದರೆ ಮಾತ್ರ ಮನಸ್ಸು ಮುರಿಯುತ್ತದೆ ಎಂದು ನಾವು ತಿಳಿದಿದ್ದೇವೆ. ನೋಡದೆ ಹೊಗಳಿದರೂ ಮುರಿಯುತ್ತದೆ.

ನಾವು ಹೇಳದಿರುವುದಕ್ಕೆ ಕಾರಣಗಳು ದೂರದಲ್ಲೇನೂ ಇಲ್ಲ. ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ, ನಾಳೆ ನನ್ನ ಚಿತ್ರಕ್ಕೂ ಇವರೇ ತಾನೆ ಹೇಳಬೇಕಾದವರು ಎಂಬ ಲೆಕ್ಕ. ಇನ್ನೊಂದು ಕಾರಣವೂ ಇದೆ: ಏನು ಹೇಳಬೇಕೆಂದೇ ನಮಗೆ ಗೊತ್ತಿರುವುದಿಲ್ಲ. ಚೆನ್ನಾಗಿಲ್ಲ ಎಂದು ಅನಿಸುತ್ತದೆ, ಯಾಕೆ ಎಂದು ಹೇಳಲು ಬರುವುದಿಲ್ಲ. ಇದು ಕಲಿಯಬಹುದಾದ ವಿದ್ಯೆ, ನಮ್ಮ ರಾಜ್ಯದಲ್ಲಿ ಅದನ್ನು ಕಲಿಸಿದವರೂ ಇದ್ದಾರೆ.

ಬೆಂಗಳೂರಿನ ವೈದ್ಯ ಡಾ. ಜಿ. ಥಾಮಸ್ ಅವರ ಮುಂದಾಳತ್ವದಲ್ಲಿ 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟ ಹುಟ್ಟಿತು. 1971ರಲ್ಲಿ ಸಿ. ರಾಜಗೋಪಾಲ್ ಅವರ ಮುತುವರ್ಜಿಯಿಂದ ಅದೇ ಊರಿನಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಆರಂಭವಾಯಿತು. ಇವೆಲ್ಲ ಹವ್ಯಾಸಿಗಳ ಕೂಟಗಳು. ಇಂಥ ಕೂಟಗಳ ಮುಖ್ಯ ಕೆಲಸ ತುಂಬ ಸರಳವಾದದ್ದು: ನಿಮ್ಮ ಪ್ರಿಂಟನ್ನು ತಂದು ಮುಂದೆ ಇಡುತ್ತೀರಿ, ಹಿರಿಯರೊಬ್ಬರು ಅದರ ಮುಂದೆ ನಿಂತು ತಮಗೆ ಕಂಡದ್ದನ್ನು ಹೇಳುತ್ತಾರೆ, ಉಳಿದವರು ಕೇಳಿಸಿಕೊಳ್ಳುತ್ತಾರೆ. ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅವರ ಹೆಸರು ಕೇಳಿರಬಹುದು. ಅವರನ್ನು ತಿದ್ದಿದವರು ಓ.ಸಿ. ಎಡ್ವರ್ಡ್ಸ್. ಮುಂದೆ ಪೆರುಮಾಳ್ ಅವರೂ ತಮಗಿಂತ ಕಿರಿಯರಾದ ಅನೇಕರ ಚಿತ್ರಗಳನ್ನು ತಿದ್ದಿ ಬೆಳೆಸಿದರು. ಕ್ಯಾಮೆರಾದ ಗುಂಡಿಗಳನ್ನು ಪುಸ್ತಕದಿಂದ ಕಲಿಯಬಹುದು. ನಿಮ್ಮ ಚಿತ್ರದಲ್ಲಿ ನಿಮಗೆ ಕಾಣದೇ ಹೋದದ್ದನ್ನು ತೋರಿಸಲು ಇನ್ನೊಬ್ಬರ ಕಣ್ಣೇ ಬೇಕು.

ಬಂದರಿನಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ ನನ್ನ ಮಾಮ ಹೇಳುವ ಪ್ರಕಾರ ರೀಲಿನ ಕಾಲದಲ್ಲಿ ಈ ಕೆಲಸವನ್ನು ಲ್ಯಾಬಿನವನು ಮಾಡುತ್ತಿದ್ದ. ಒಂದು ರೀಲಿಗೆ 36 ಚಿತ್ರ, ಒಂದೊಂದಕ್ಕೂ ದುಡ್ಡು. “ಇವತ್ತಿನದೆಲ್ಲ ಕತ್ತಲು ಅಣ್ಣ, ಎರಡನೇ ಮದುವೆಯ ರೀಲಿಗಾದರೂ ಫ್ಲ್ಯಾಶ್ ಸರಿಮಾಡಿ” ಎಂದು ಅವನು ಮುಖಕ್ಕೇ ಹೇಳಿಬಿಡುತ್ತಿದ್ದನಂತೆ. ಅದರಲ್ಲಿ ಮರ್ಯಾದೆಯ ಪ್ರಶ್ನೆ ಇರಲಿಲ್ಲ, ಕೆಲಸದ ಪ್ರಶ್ನೆ ಇತ್ತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಸ್ಪರ್ಧೆಯ ಅಂಕ ಬೇರೆ, ಅಭಿಪ್ರಾಯ ಬೇರೆ. ಸಲೋನ್ ಎಂದು ಕರೆಯುವ ದೊಡ್ಡ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮೂವರು ತೀರ್ಪುಗಾರರು ಕುಳಿತು, ಪ್ರತಿ ಚಿತ್ರವನ್ನು ಕೆಲವೇ ಸೆಕೆಂಡು ನೋಡಿ, ಒಬ್ಬರೊಡನೊಬ್ಬರು ಮಾತನಾಡದೆ ಅಂಕ ಒತ್ತುತ್ತಾರೆ. ಮೂರೂ ಸೇರಿ ಚಿತ್ರದ ಹಣೆಬರಹ. ನಿಮಗೆ ಬರುವುದು ಒಂದು ಸಂಖ್ಯೆ ಮಾತ್ರ. ಯಾಕೆ ಎಂಬುದು ಬರುವುದಿಲ್ಲ, ಕೆಲವೊಮ್ಮೆ ಕಾರಣ ಚಿತ್ರದ ಗುಣದಲ್ಲಿ ಇರುವುದೂ ಇಲ್ಲ. ಉದಾಹರಣೆಗೆ ‘ನೇಚರ್’ ವಿಭಾಗ. ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಪಿ.ಎಸ್.ಎ. ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಒಪ್ಪಿಕೊಂಡ ನಿಯಮದ ಪ್ರಕಾರ ಅದರಲ್ಲಿ ಸಾಕುಪ್ರಾಣಿಗಳಿಗೆ ಜಾಗವಿಲ್ಲ. ಚಿತ್ರದ ಅಂಚು ಕತ್ತರಿಸಬಹುದು, ಆದರೆ ಒಳಗಿನ ಒಂದು ಕಡ್ಡಿಯನ್ನೂ ಅಳಿಸುವಂತಿಲ್ಲ. ಕಂಬಳದ ಕೋಣ ಎಷ್ಟೇ ಚೆಂದ ಓಡಿದರೂ ಆ ವಿಭಾಗದಲ್ಲಿ ಗೆಲ್ಲುವುದಿಲ್ಲ! ಅದೇ ಚಿತ್ರ ಮುಕ್ತ ವಿಭಾಗದಲ್ಲಿ ಬಹುಮಾನ ತರಬಹುದು. ಆದ್ದರಿಂದ ಅಂಕ ನೋಡಿ ಕುಗ್ಗುವುದರಲ್ಲಿ ಅರ್ಥವಿಲ್ಲ. ಮಾತಾಡುವ ಒಬ್ಬರನ್ನು ಹುಡುಕಿಕೊಳ್ಳುವುದು ಮೇಲು.

ಹಾಗಾದರೆ ಮಾತಾಡುವುದು ಹೇಗೆ? ನನ್ನ ಅನುಭವದಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಇದು: ಒಳ್ಳೆಯದು, ಕೆಟ್ಟದ್ದು ಎನ್ನುವ ಮೊದಲು ನಿಮ್ಮ ಕಣ್ಣು ಎಲ್ಲಿಗೆ ಹೋಯಿತು ಎಂದು ಹೇಳಿ. “ನನಗೆ ಮೊದಲು ಕಂಡದ್ದು ಬಲಗಡೆಯ ಬಿಳಿ ಬಕೆಟ್, ಆಮೇಲೆ ಮೀನು ಆರಿಸುವ ಕೈಗಳು” ಎಂದು ಒಬ್ಬರು ಬರೆದರೆ ಅದರಲ್ಲಿ ಟೀಕೆಯೇ ಇಲ್ಲ. ಆದರೆ ಚಿತ್ರ ತೆಗೆದವನಿಗೆ ತಕ್ಷಣ ಅರ್ಥವಾಗುತ್ತದೆ. ಅವನಿಗೆ ಬೇಕಾದದ್ದು ಕೈಗಳು, ನೋಡುವವರನ್ನು ಎಳೆದದ್ದು ಬಕೆಟ್. ಏನು ಮಾಡಬೇಕೆಂದು ಅವನೇ ತೀರ್ಮಾನಿಸುತ್ತಾನೆ. ಕಂಡದ್ದನ್ನು ಹೇಳುವವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ಯಾಕೆಂದರೆ ಅವರಿಗೆ ಹಾಗೆ ಕಂಡದ್ದು ನಿಜ.

ಎರಡನೆಯದಾಗಿ, ತೆಗೆದವರ ಉದ್ದೇಶ ಕೇಳಿ. ಕಂಬಳದ ಚಿತ್ರದಲ್ಲಿ ನೀರಿನ ಹನಿ ಹನಿಯೂ ಗಾಳಿಯಲ್ಲಿ ನಿಂತಂತೆ ಬೇಕಿದ್ದರೆ ಶಟರ್ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವೇಗವಾಗಿರಬೇಕು. ಓಟದ ರಭಸ ಬೇಕೆಂದು ಒಬ್ಬ ಬೇಕೆಂದೇ ಮೂವತ್ತರ ಒಂದು ಭಾಗಕ್ಕೆ ಇಳಿಸಿ ಕೋಣದ ಜೊತೆಗೇ ಕ್ಯಾಮೆರಾ ತಿರುಗಿಸಿರಬಹುದು. ಅವನಿಗೆ ಹೋಗಿ ‘ಬ್ಲರ್ ಆಗಿದೆ’ ಎಂದರೆ ಏನು ಹೇಳಿದಂತಾಯಿತು? ಇಂಥದೇ ಒಂದು ಪ್ರಸಂಗ 2006ರಲ್ಲಿ ನಡೆಯಿತು. ಫ್ಲಿಕರ್ ಎಂಬ ಚಿತ್ರತಾಣದಲ್ಲಿ ಕಳಪೆ ಚಿತ್ರಗಳನ್ನು ಮತ ಹಾಕಿ ಹೊರದಬ್ಬುವ ಗುಂಪೊಂದಿತ್ತು. ಯಾರೋ ಅಲ್ಲಿಗೆ ಫ್ರಾನ್ಸಿನ ಹೆನ್ರಿ ಕಾರ್ಟಿಯೆ ಬ್ರೆಸೋಂ 1932ರಲ್ಲಿ ತೆಗೆದ ಪ್ರಸಿದ್ಧ ಚಿತ್ರವನ್ನು, ಸುರುಳಿ ಮೆಟ್ಟಿಲಿನ ಕೆಳಗೆ ಸೈಕಲ್ ಸವಾರ ಹಾದುಹೋಗುವ ಚಿತ್ರವನ್ನು, ಹೆಸರು ಹೇಳದೆ ಹಾಕಿದರು. ಸವಾರ ಮಸುಕಾಗಿದ್ದಾನೆ ಎಂಬಂಥ ಕಾರಣ ಕೊಟ್ಟು ಗುಂಪಿನವರು ಅದನ್ನು ಹೊರದಬ್ಬಿದರು. ಇದನ್ನು ಹೇಳಿ ನಗುವವರು ಬಹಳ. ನನಗೆ ನಗು ಬರುವುದಿಲ್ಲ. ಸವಾರ ಮಸುಕಾಗಿರುವುದು ನಿಜ, ಆ ಮಟ್ಟಿಗೆ ಅವರು ಸುಳ್ಳು ಹೇಳಲಿಲ್ಲ. ಮೆಟ್ಟಿಲು ಗಟ್ಟಿಯಾಗಿ ನಿಂತಿದೆ, ಸೈಕಲ್ ಮಾತ್ರ ಓಡುತ್ತಿದೆ, ಇವೆರಡೂ ಯಾಕೆ ಹೀಗಿವೆ ಎಂದು ಒಬ್ಬರಾದರೂ ಕೇಳಿದ್ದರೆ ಸಾಕಿತ್ತು. ಪ್ರಾಮಾಣಿಕತೆಯೊಂದೇ ಸಾಲದು ಎಂಬುದಕ್ಕೆ ನಾನು ಈ ಪ್ರಸಂಗವನ್ನೇ ಕೊಡುತ್ತೇನೆ.

ವಾಟ್ಸಾಪಿನಲ್ಲಿ ನೋಡಿ ಮಾತಾಡುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಚಿತ್ರ ಕುಗ್ಗಿಯೇ ಬರುತ್ತದೆ, ಸೂಕ್ಷ್ಮ ವಿವರಗಳು ಕಳೆದುಹೋಗುತ್ತವೆ. ಯಕ್ಷಗಾನ ವೇಷದ ಕಿರೀಟದ ಕುಸುರಿ ಮಸುಕಾಗಿದ್ದರೆ ಅದು ತೆಗೆದವರ ತಪ್ಪೋ ವಾಟ್ಸಾಪಿನದೋ ಎಂದು ತಿಳಿಯುವುದಿಲ್ಲ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಚಿತ್ರವೇ ಬರುತ್ತದೆ. ರಾತ್ರಿ ಕಣ್ಣಿಗೆ ಹಿತವಾಗಲೆಂದು ಪರದೆಯನ್ನು ಹಳದಿ ಮಾಡಿಕೊಂಡು ನೋಡುವವರು ಬಣ್ಣದ ಬಗ್ಗೆ ಬೆಳಿಗ್ಗೆ ಮಾತಾಡಿದರೆ ಒಳ್ಳೆಯದು.

‘ಯಾವ ಕ್ಯಾಮೆರಾ?’ ಎಂಬ ಪ್ರಶ್ನೆಯನ್ನು ನಾನು ದ್ವೇಷಿಸುತ್ತೇನೆ. ನಮ್ಮಲ್ಲಿ ಅಣ್ಣನ ಮೊಬೈಲನ್ನು ಅರ್ಧ ಗಂಟೆಗೆ ಕೇಳಿ ತಂದು ಚಿತ್ರ ತೆಗೆಯುವವರಿದ್ದಾರೆ. ‘ಡಿಎಸ್ಎಲ್ಆರ್ ಇದ್ದರೆ ಚೆನ್ನಾಗಿ ಬರುತ್ತಿತ್ತು’ ಎಂಬ ಮಾತಿನಿಂದ ಅವರಿಗೆ ಮಾಡಲು ಆಗುವಂಥದ್ದು ಏನೂ ಇಲ್ಲ. ಅಭಿಪ್ರಾಯ ಹೇಳುವಾಗ ಇದೊಂದು ಒಳ್ಳೆಯ ಪರೀಕ್ಷೆ: ಕೇಳಿದವರು ನಾಳೆ ಬೆಳಿಗ್ಗೆ ಅದೇ ಮೊಬೈಲು ಹಿಡಿದು ಅದನ್ನು ಮಾಡಿ ನೋಡಬಹುದೇ? ಎರಡು ಹೆಜ್ಜೆ ಸರಿಯಬಹುದು, ಮೊಣಕಾಲೂರಿ ಕೂರಬಹುದು, ಅಸರ್ ನಮಾಜು ಮುಗಿದ ಮೇಲಿನ ಇಳಿಬಿಸಿಲಿಗೆ ಕಾಯಬಹುದು.

ಇನ್ನು ಎಲ್ಲಿ ಹೇಳಬೇಕು ಎಂಬುದು. ನಮ್ಮ ಮನೆಗಳಲ್ಲಿ ನಸೀಹತ್ ಎಂಬ ಮಾತು ಬಳಕೆಯಲ್ಲಿದೆ. ಒಳಿತು ಬಯಸಿ ಹೇಳುವ ಮಾತು ಅದು, ನಾಲ್ಕು ಜನರ ಮುಂದೆ ಹೇಳಿದರೆ ಅದೇ ಮಾತು ಅವಮಾನವಾಗುತ್ತದೆ ಎಂದು ಹಿರಿಯರು ಎಚ್ಚರಿಸುತ್ತಾರೆ. ಹಾಗಿದ್ದರೆ ಗುಂಪಿನಲ್ಲಿ ಚಿತ್ರದ ತಪ್ಪು ಹೇಳಬಹುದೇ? ನನ್ನ ಅಭಿಪ್ರಾಯದಲ್ಲಿ ಬೆಳಕು, ಗೆರೆ, ಕಂಬ, ಬಕೆಟ್ – ಇವನ್ನು ಎಲ್ಲರ ಮುಂದೆಯೇ ಹೇಳಬೇಕು, ಒಬ್ಬರಿಗೆ ಹೇಳಿದ್ದು ಮೂವತ್ತು ಜನರಿಗೆ ಪಾಠವಾಗುತ್ತದೆ. ತೆಗೆದವರ ನಡತೆಗೆ ತಾಗುವುದನ್ನು ಅವರೊಬ್ಬರಿಗೇ ಹೇಳಬೇಕು. ಕಳೆದ ಡಿಸೆಂಬರಿನಲ್ಲಿ ಒಬ್ಬ ದಕ್ಕೆಯಲ್ಲಿ ಬಲೆಯ ರಾಶಿಯ ಮೇಲೆ ಬಾಯಿ ತೆರೆದು ಮಲಗಿದ್ದ ಕೂಲಿಯಾಳಿನ ಚಿತ್ರ ಹಾಕಿದ. ಬೆಳಕು ಅದ್ಭುತವಾಗಿತ್ತು, ಸುಳ್ಳು ಹೇಳುವುದಿಲ್ಲ. ಹತ್ತು ನಿಮಿಷದಲ್ಲಿ ಚಿತ್ರ ಮಾಯವಾಯಿತು. ಗುಂಪಿನ ಹಿರಿಯನೊಬ್ಬ ಅವನಿಗೆ ಬೇರೆಯಾಗಿ ಒಂದೇ ಸಾಲು ಕಳಿಸಿದ್ದನಂತೆ: “ಹಾಗೆ ಮಲಗಿದ್ದವರು ನಿನ್ನ ಬಾಪ ಆಗಿದ್ದರೆ ಹಾಕುತ್ತಿದ್ದೆಯಾ?” ಗುಂಪಿನಲ್ಲಿ ಆ ಬಗ್ಗೆ ಯಾರೂ ಮಾತೆತ್ತಲಿಲ್ಲ. ಅವನು ಈಗಲೂ ದಕ್ಕೆಗೆ ಹೋಗುತ್ತಾನೆ, ಮೊದಲು ಮಾತನಾಡಿಸಿ ಆಮೇಲೆ ತೆಗೆಯುತ್ತಾನೆ, ಈಗಿನ ಅವನ ಚಿತ್ರಗಳಲ್ಲಿ ಜನ ಕ್ಯಾಮೆರಾವನ್ನು ನೋಡಿ ನಗುತ್ತಿರುತ್ತಾರೆ. ಇನ್ನೊಬ್ಬರ ಚಿತ್ರವನ್ನು ತನ್ನದೆಂದು ಹಾಕಿದವರಿಗೆ ಹೇಳುವುದಾದರೂ ಹೀಗೆಯೇ.

ಅಭಿಪ್ರಾಯ ಪಡೆಯುವುದು ಕೊಡುವುದಕ್ಕಿಂತ ಕಷ್ಟ. ಬೆರಳು ತಾನಾಗಿಯೇ ಸಮಜಾಯಿಷಿ ಟೈಪ್ ಮಾಡತೊಡಗುತ್ತದೆ – ಆವತ್ತು ಮಳೆ ಇತ್ತು, ಬಸ್ಸು ಹೊರಡುವುದರಲ್ಲಿತ್ತು, ಪೊಲೀಸಪ್ಪ ಅಲ್ಲಿ ನಿಲ್ಲಲು ಬಿಡಲಿಲ್ಲ. ಅವೆಲ್ಲ ನಿಜವೇ ಇರಬಹುದು. ಆದರೆ ಗೋಡೆಯ ಮೇಲೆ ತೂಗುವ ಚಿತ್ರದ ಪಕ್ಕದಲ್ಲಿ ನಿಂತು ನಾವು ಬಸ್ಸಿನ ಕಥೆ ಹೇಳುತ್ತಿರಲು ಆಗುವುದಿಲ್ಲ. ಬಂದ ಮಾತುಗಳನ್ನು ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟು ಮರುದಿನ ಓದುತ್ತೇನೆ. ಮೂವರು ಬೇರೆಬೇರೆಯಾಗಿ ಒಂದೇ ಮಾತು ಹೇಳಿದ್ದರೆ ತೊಂದರೆ ಚಿತ್ರದಲ್ಲೇ ಇದೆ. ಒಬ್ಬರಷ್ಟೇ ಹೇಳಿದ್ದರೆ ಅದು ಅವರ ರುಚಿ ಇರಬಹುದು, ಎಲ್ಲರ ರುಚಿಗೆ ಉಪ್ಪು ಹಾಕುತ್ತಾ ಹೋದರೆ ಸಾರು ಕೆಡುತ್ತದೆ. ಒಪ್ಪದಿರುವ ಹಕ್ಕು ತೆಗೆದವರಿಗೆ ಇದ್ದೇ ಇದೆ. ‘ಯೋಚಿಸುತ್ತೇನೆ’ ಎಂದು ಬರೆದರೆ ಸಾಕು, ಹೇಳಿದವರು ಮುಂದಿನ ಸಲವೂ ಹೇಳುತ್ತಾರೆ.

‘ಹೇಗಿದೆ?’ ಎಂದು ಕೇಳಿದರೆ ‘ಸೂಪರ್’ ಎಂದೇ ಉತ್ತರ ಬರುವುದು. ಪ್ರಶ್ನೆಯಲ್ಲೇ ಆ ಉತ್ತರ ಅಡಗಿದೆ. ಆದ್ದರಿಂದ ಈ ತಿಂಗಳಿನಿಂದ ನಮ್ಮ ಗುಂಪಿನಲ್ಲಿ ಚಿತ್ರ ಹಾಕುವವರು ಜೊತೆಗೆ ತಮ್ಮದೇ ಒಂದು ನಿಖರವಾದ ಪ್ರಶ್ನೆ ಬರೆಯಬೇಕೆಂದು ಮಾಡಿಕೊಂಡಿದ್ದೇವೆ. ಮೊದಲು ಬಂದದ್ದು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಚಿತ್ರ, ಹಾಕಿದವನು ಪ್ರಥಮ ಪಿಯುಸಿಯ ಹುಡುಗ. ಪ್ರಶ್ನೆ ಹೀಗಿತ್ತು: “ಇದರಲ್ಲಿ ಮಳೆ ಕಾಣುತ್ತದಾ, ಅಥವಾ ಒದ್ದೆಯಾದ ನನಗೆ ಮಾತ್ರ ಗೊತ್ತಾ?” ಕಾಣುವುದಿಲ್ಲ ಎಂದೇ ಹೆಚ್ಚಿನವರು ಬರೆದರು. ಬೆಳಕು ಮಳೆಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು, ಆಗ ಹನಿಗಳು ಹೊಳೆಯುತ್ತವೆ ಎಂದು ಸುಲ್ತಾನ್ ಬತ್ತೇರಿಯ ಆ ಹುಡುಗಿ ವಿವರಿಸಿದಳು. ಬಸ್ಸಿನ ಹೆಡ್‌ಲೈಟ್ ಆಗಬಹುದಾ ಎಂದು ಅವನು ಕೇಳಿದ್ದಾನೆ. ಮುಂದಿನ ಮಳೆಗೆ ಕಾಯುತ್ತಿದ್ದೇವೆ.